ಹೊಳಿ ಬರೂಕಿಂತ ಮೊದಲು ಊರು ಏನು ಮಾಡಬೇಕು?



ಈ ಗೋಡೆ ಪತ್ರಿಕೆ ಓದುವಾಗ ಸ್ವಲ್ಪ ಬಗ್ಗಿ ಕೆಳಗೆ ನೋಡಿರಿ. ಬಾಗಿಲ ಪಕ್ಕದ ಗೋಡೆಗೆ ನೀಲಿ ಬಣ್ಣದ ಒಂದು ಗೆರೆ ಐತಿ. ಅದರ ಬದಿಗೆ "ಆಗಸ್ಟ್ 2019" ಎಂದು ಬರೆದಿದೆ. ನಾವೆಲ್ಲ ದಿನಾ ಅದರ ಮುಂದೆ ಹಾಯುತ್ತೇವೆ, ಆದರೆ ಯಾರೂ ನೋಡುವುದಿಲ್ಲ. ನಾನು ಪಟ್ಟಿ ಹಚ್ಚಿ ಅಳೆದೆನು. ನೆಲದಿಂದ 2 ಅಡಿ 3 ಇಂಚು. ಅಷ್ಟು ನೀರು ಈ ಕೋಣೆಯಲ್ಲಿ ನಿಂತಿತ್ತು. ಆಗ ನಾನು ಒಂದನೇ ಇಯತ್ತೆ. ನಮ್ಮ ಮನೆಯವರು, ಓಣಿಯವರು ಎಲ್ಲರೂ ದಿಬ್ಬದ ಮೇಲಿನ ಹನುಮಪ್ಪನ ಗುಡಿಯಲ್ಲಿ ನಾಲ್ಕು ರಾತ್ರಿ ಮಲಗಿದ್ದೆವು. ಅವ್ವ ಜೋಳದ ಚೀಲ ಹೊತ್ತು ತಂದಳು, ನನ್ನ ಪಾಟಿಚೀಲ ಮಾತ್ರ ನೀರಿಗೆ ಹೋಯಿತು.

ಹೊಳಿ ಬಂದ ಮೇಲೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಓಡಬೇಕು. ಆದರೆ ಹೊಳಿ ಬರೂಕಿಂತ ಮೊದಲು ಊರು ಏನು ಮಾಡಬೇಕು, ಅದಕ್ಕೆ ರೊಕ್ಕ ಎಲ್ಲಿಂದ ಬರುತ್ತದೆ? ಇದನ್ನು ನಾನು ಒಂದು ವರ್ಷದಿಂದ ಕೇಳಿ ಕೇಳಿ ತಿಳಿದುಕೊಂಡಿದ್ದೇನೆ. ತಿಳಿದಷ್ಟು ಬರೆಯುತ್ತೇನೆ.

ನೀರು ಬರುವುದು ಎರಡು ದಾರಿಯಿಂದ

ನಮ್ಮ ಮಲಪ್ರಭಾ ಹೊಳಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಡುವೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಆಣೆಕಟ್ಟು ಇದೆ. ಅದರಲ್ಲಿ ಹಿಡಿಯುವ ನೀರು ಸುಮಾರು 37 ಟಿ.ಎಂ.ಸಿ. ಅದು ತುಂಬಿದ ಮೇಲೂ ಖಾನಾಪುರದ ಕಡೆ ಮಳೆ ನಿಲ್ಲದಿದ್ದರೆ ಬಾಗಿಲು ತೆಗೆದು ನೀರು ಬಿಡಲೇಬೇಕು. ರೇಡಿಯೋದಲ್ಲಿ "ಇಷ್ಟು ಕ್ಯೂಸೆಕ್ ಬಿಡಲಾಗಿದೆ" ಎನ್ನುತ್ತಾರಲ್ಲ, ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ನಮ್ಮ ಮನೆಯ ಕೊಡದ ಲೆಕ್ಕದಲ್ಲಿ ಎರಡು ಕೊಡ. ಹತ್ತು ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಇಪ್ಪತ್ತು ಸಾವಿರ ಕೊಡ ನೀರು! 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಇದೇ ಹೊಳಿಯ ನೀರು ಬಂದಿತ್ತು.

ಇನ್ನೊಂದು ದಾರಿ ಹಳ್ಳ. ನಮ್ಮ ಸೀಮೆಯದು ಎರಿ ಭೂಮಿ. ಎರಿ ಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಮೇಲಿನ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಎಲ್ಲಾ ನೀರು ಹಳ್ಳಕ್ಕೇ ಓಡುತ್ತದೆ. ನವಲಗುಂದ ಸೀಮೆಯಿಂದ ಬರುವ ಬೆಣ್ಣಿಹಳ್ಳ ಹೆಸರಿಗೆ ಹಳ್ಳ, ಸಿಟ್ಟು ಬಂದರೆ ಹೊಳಿಗಿಂತ ಜೋರು. ನಮ್ಮ ಊರ ಹಿಂದಿನ ಸಣ್ಣ ಹಳ್ಳವೂ ಅದೇ ಜಾತಿಯದು. ಹೊಳಿ ತುಂಬಿದಾಗ ಹಳ್ಳದ ನೀರು ಹೊಳಿಗೆ ಇಳಿಯಲು ಆಗುವುದಿಲ್ಲ. ಅದು ಹಿಂದಕ್ಕೆ ಒತ್ತಿ ಊರೊಳಗೆ ಬರುತ್ತದೆ. ಈ ಶಾಲೆಗೆ 2019ರಲ್ಲಿ ಬಂದದ್ದು ಹೊಳಿಯ ನೀರಲ್ಲ, ಹಳ್ಳದ ನೀರು ಎಂದು ನಮ್ಮ ಅಜ್ಜಿ ಹೇಳುತ್ತಾಳೆ. "ಹೊಳಿ ಮುಂದಿನ ಬಾಗಿಲಿಗೆ ಬರ್ತೈತಿ, ಕೂಗಿ ಬರ್ತೈತಿ. ಹಳ್ಳ ಹಿತ್ತಲ ಬಾಗಿಲಿಗೆ ಕಳ್ಳನಂಗ ಬರ್ತೈತಿ" ಅಂದಳು.

ಆಣೆಕಟ್ಟಿನ ಬಾಗಿಲು ನಮ್ಮ ಊರಿನ ಕೈಯಲ್ಲಿಲ್ಲ. ಮಳೆಯೂ ಇಲ್ಲ. ಆದರೆ ಹಳ್ಳ ನಮ್ಮ ಕೈಯಲ್ಲಿದೆ. ಇದನ್ನು ನೆನಪಿಡಿರಿ.

ಪರಿಹಾರ ಬೇರೆ, ತಡೆಯುವುದು ಬೇರೆ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ದೊಡ್ಡ ನೆರೆ ಬಂದು 200ಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ಸರಕಾರ ಮತ್ತು ದಾನಿಗಳು ಸೇರಿ "ಆಸರೆ" ಎಂಬ ಹೆಸರಿನಲ್ಲಿ ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಸಿಕೊಟ್ಟರು. ಕೆಲವು ಊರುಗಳಲ್ಲಿ ಜನ ಹೋದರು. ಕೆಲವು ಕಡೆ "ಹೊಲ ದೂರ ಆತು, ದನ ಕಟ್ಟಾಕ ಜಾಗ ಇಲ್ಲ" ಎಂದು ಹಳೇ ಮನೆಗೇ ಮರಳಿದರು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಎಂದು ಹೇಳಿತು.

ಇದೆಲ್ಲ ಪರಿಹಾರ. ಬಿದ್ದ ಮೇಲೆ ಎತ್ತುವುದು. ಇದು ಬೇಕೇ ಬೇಕು. ಆದರೆ ಬೀಳದ ಹಾಗೆ ಮಾಡುವುದು ಬೇರೆ ಕೆಲಸ. ಅದಕ್ಕೆ ಬೇರೆ ಯೋಜನೆ, ಬೇರೆ ರೊಕ್ಕ. ಇಲ್ಲದಿದ್ದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗುತ್ತದೆ.

ನಮ್ಮ ಊರಲ್ಲಿ 2019ರಲ್ಲಿ 9 ಮನೆ ಪೂರ್ತಿ ಬಿದ್ದವು. 9 ಗುಣಿಸು 5 ಲಕ್ಷ ಎಂದರೆ 45 ಲಕ್ಷ. ಹಳ್ಳಕ್ಕೆ ಅಡ್ಡ ಇರುವ ದಾರಿಯಲ್ಲಿ ಪೈಪು ತೆಗೆದು ಸಣ್ಣ ಪೂಲು ಕಟ್ಟಲು ಈಗ ಮಾಡಿರುವ ಅಂದಾಜು 6 ಲಕ್ಷ 40 ಸಾವಿರ. ಯಾವುದು ಅಗ್ಗ ಎಂದು ನೀವೇ ಲೆಕ್ಕ ಮಾಡಿರಿ.

ಯೋಜನೆ ಅಂದರೆ ಏನು?

2024ರ ನವೆಂಬರ್‌ನಲ್ಲಿ ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಿತು. ನಾನು ಎದ್ದು ನಿಂತು, "ಶಾಲಿಯೊಳಗ ನೀರು ಬರದಂಗ ಏನ್ ಮಾಡ್ತೀರಿ ಸರ?" ಎಂದು ಕೇಳಿದೆ. ಕೈಕಾಲು ನಡುಗುತ್ತಿದ್ದವು. ಪಿಡಿಓ ಸಾಹೇಬರು ನಗಲಿಲ್ಲ. ಒಂದು ಹಳೇ ಅರ್ಜಿಯ ವಿಷಯ ಹೇಳಿದರು. ಊರವರು 2020ರಲ್ಲೇ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದರಂತೆ. ಅದರಲ್ಲಿ ಇದ್ದದ್ದು ಒಂದೇ ಸಾಲು: "ನಮ್ಮ ಊರನ್ನು ನೆರೆಯಿಂದ ಕಾಪಾಡಬೇಕು." ಅದು ಹಾಗೇ ತಿರುಗಿ ಬಂತು. ಎಲ್ಲಿ, ಏನು, ಎಷ್ಟು ಉದ್ದ, ಎಷ್ಟು ಖರ್ಚು ಎಂದು ಇಲ್ಲದ ಅರ್ಜಿಗೆ ಯಾರೂ ರೊಕ್ಕ ಕೊಡಲು ಬರುವುದಿಲ್ಲವಂತೆ.

ಹಾಗಾದರೆ ಯೋಜನೆಯಲ್ಲಿ ಏನೇನು ಇರಬೇಕು? ನಾನು ಕಲಿತದ್ದು ಇಷ್ಟು.

ಒಂದು, ಗುರುತು. ನೀರು ಎಲ್ಲೆಲ್ಲಿ ಎಷ್ಟೆತ್ತರ ಬಂದಿತ್ತು ಎಂಬುದನ್ನು ಗೋಡೆ ಮೇಲೆ ಗೆರೆ ಎಳೆದು ಇಡಬೇಕು. ನಮ್ಮ ನೀಲಿ ಗೆರೆ ಅದೇ. ನಾವು ಆರನೇ ಇಯತ್ತೆಯವರು ಗುರುಗಳ ಜೊತೆ ಓಣಿ ಓಣಿ ತಿರುಗಿ 31 ಮನೆಗಳಲ್ಲಿ ಕೇಳಿ ಗುರುತು ಬರೆದುಕೊಂಡೆವು. ಅಜ್ಜ ಅಜ್ಜಿಯರಿಗೆ ಎಲ್ಲಾ ನೆನಪಿತ್ತು.

ಎರಡು, ನಕಾಶೆ. ಯಾವ ಓಣಿ ಮೊದಲು ಮುಳುಗುತ್ತದೆ, ಯಾರ ಮನೆಯಲ್ಲಿ ನಡೆಯಲಾಗದ ಮುದುಕರು, ಬಸುರಿ ಬಾಣಂತಿಯರು, ಸಣ್ಣ ಕೂಸು ಇವೆ, ದನ ಎಲ್ಲಿಗೆ ಹೊಡೆಯಬೇಕು, ಯಾವ ದಾರಿ ಕೊನೆ ತನಕ ಒಣಗಿರುತ್ತದೆ. ಇದನ್ನು ದೊಡ್ಡ ಹಾಳೆಯ ಮೇಲೆ ಬರೆಯಬೇಕು.

ಮೂರು, ಕಾರಣ. ನೀರು ಅಲ್ಲೇ ಯಾಕೆ ನಿಂತಿತು? ನಮ್ಮಲ್ಲಿ ಮೂರು ಕಾರಣ ಸಿಕ್ಕವು. ಹಳ್ಳದಲ್ಲಿ ಜಾಲಿ ಕಂಟಿ ಮತ್ತು ಆಪು ಬೆಳೆದಿದ್ದವು. ದಾರಿಯ ಕೆಳಗಿನ ಸಿಮೆಂಟ್ ಪೈಪು ಸಣ್ಣವು. ಮೂರನೆಯದನ್ನು ಆಮೇಲೆ ಹೇಳುತ್ತೇನೆ. ಪೈಪಿನ ಲೆಕ್ಕ ಬಹಳ ಚಲೋ ಐತಿ. 2 ಅಡಿ ಅಗಲದ ಪೈಪಿನ ಬಾಯಿ ಸುಮಾರು 3 ಚದರ ಅಡಿ. 4 ಅಡಿ ಪೈಪಿನ ಬಾಯಿ ಸುಮಾರು 12 ಚದರ ಅಡಿಗಿಂತ ಜಾಸ್ತಿ. ಅಗಲ ಎರಡು ಪಟ್ಟು ಆದರೆ ಬಾಯಿ ನಾಲ್ಕು ಪಟ್ಟು! ಗಣಿತ ಬರೇ ಪರೀಕ್ಷೆಗಲ್ಲ ಎಂದು ಅಂದೇ ನನಗೆ ತಿಳಿಯಿತು.

ನಾಲ್ಕು, ಠರಾವು. ಬೇಕಾದ ಕೆಲಸಗಳನ್ನು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ಹೇಳಿ ಠರಾವು ಬರೆಸಬೇಕು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಪಂಚಾಯಿತಿಯ ವರ್ಷದ ಯೋಜನೆಗೆ ನಮ್ಮ ರಾಜ್ಯದಲ್ಲಿ "ನಮ್ಮ ಗ್ರಾಮ ನಮ್ಮ ಯೋಜನೆ" ಎನ್ನುತ್ತಾರೆ. ಅದರಲ್ಲಿ ಬರೆದದ್ದೇ ಕೆಲಸ. ಬಾಯಿಮಾತು ಹಳ್ಳದ ನೀರಿನ ಹಾಗೆ ಹರಿದುಹೋಗುತ್ತದೆ.

ಐದು, ಅಂದಾಜು. ಇಂಜಿನಿಯರರು ಬಂದು ಅಳೆದು ಖರ್ಚಿನ ಪಟ್ಟಿ ಮಾಡುತ್ತಾರೆ. ಇದು ಇಲ್ಲದೆ ಮುಂದಿನ ಹೆಜ್ಜೆ ಇಲ್ಲ.

ರೊಕ್ಕ ಎಲ್ಲಿಂದ?

ಸರಕಾರ ಕೊಡುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಆದರೆ ರೊಕ್ಕ ಒಂದೇ ಗಂಟಿನಲ್ಲಿ ಇರುವುದಿಲ್ಲ. ಐದಾರು ಗಂಟು ಇವೆ. ಯಾವ ಕೆಲಸಕ್ಕೆ ಯಾವ ಗಂಟು ಬಿಚ್ಚಬೇಕು ಎಂಬುದೇ ಜಾಣತನ.

ಮೊದಲನೇ ಗಂಟು ಪಂಚಾಯಿತಿಯದೇ. ನಾವು ಕಟ್ಟುವ ಮನೆಕರ, ನೀರಿನಕರ. ಇದು ಸಣ್ಣ ಗಂಟು, ಆದರೆ ಯಾರನ್ನೂ ಕೇಳಬೇಕಾಗಿಲ್ಲ. ಗಟಾರ ಬಳಿಯಲು, ಪೈಪಿನ ಬಾಯಿಯ ಕಸ ತೆಗೆಸಲು ಇದು ಸಾಕು. ಕರ ಕಟ್ಟದಿದ್ದರೆ ಈ ಗಂಟು ಬರಿದು.

ಎರಡನೆಯದು ಕೇಂದ್ರದ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಹೇಳಿದ ಅನುದಾನದಲ್ಲಿ 100 ರೂಪಾಯಿಗೆ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ 40 ರೂಪಾಯಿ ಊರು ಕೇಳಿದ ಕೆಲಸಕ್ಕೆ, ಸಂಬಳಕ್ಕೆ ಮಾತ್ರ ಅಲ್ಲ. ಆದರೆ ಆ 40 ರೂಪಾಯಿಗೆ ರಸ್ತೆ, ದೀಪ ಎಂದು ಹತ್ತು ಜನ ಕೈ ಚಾಚುತ್ತಾರೆ.

ಮೂರನೆಯದು ಕೂಲಿಯ ಗಂಟು. 2005ರ ಉದ್ಯೋಗ ಖಾತ್ರಿ ಕಾನೂನಿನ ಕೆಲಸಗಳ ಪಟ್ಟಿಯಲ್ಲಿ ನೆರೆ ತಡೆಯುವ ಕೆಲಸವೂ ಇತ್ತು. 2022ರಲ್ಲಿ ನಮ್ಮ ಹಳ್ಳದ ಹೂಳು ತೆಗೆದದ್ದು ಅದರಲ್ಲೇ. ಅವ್ವನೂ ಬುಟ್ಟಿ ಹೊತ್ತಳು. ಕೂಲಿಯೂ ಸಿಕ್ಕಿತು, ಹಳ್ಳವೂ ಸ್ವಚ್ಛ ಆಯಿತು. ಆದರೆ ಆಮೇಲೆ ಯಾರೂ ನೋಡಲಿಲ್ಲ. ಎರಡು ವರ್ಷದಲ್ಲಿ ಜಾಲಿ ಮತ್ತೆ ತಲೆ ಎತ್ತಿತು.

ನಾಲ್ಕನೆಯದು ದೊಡ್ಡ ಗಂಟು. 2005ರ ವಿಪತ್ತು ನಿರ್ವಹಣಾ ಕಾನೂನಿನ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೆ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಬಹಳ ವರ್ಷ ವಿಪತ್ತಿನ ಹಣ ಅಂದರೆ ವಿಪತ್ತು ಬಂದ ಮೇಲಿನ ಹಣವೇ ಆಗಿತ್ತು. 15ನೇ ಹಣಕಾಸು ಆಯೋಗ ಅದನ್ನು ಬದಲಿಸಿತು. 2021ರಿಂದ 2026ರ ಐದು ವರ್ಷಕ್ಕೆ ಎಲ್ಲಾ ರಾಜ್ಯಗಳಿಗೆ ಸೇರಿ 1,60,153 ಕೋಟಿ ರೂಪಾಯಿ ಎಂದು ಹೇಳಿ, ಅದರಲ್ಲಿ 100ಕ್ಕೆ 20 ರೂಪಾಯಿ ವಿಪತ್ತು ತಗ್ಗಿಸುವ ಕೆಲಸಕ್ಕೇ ಬೇರೆ ಇಡಬೇಕು ಎಂದಿತು. ಕರ್ನಾಟಕದಂಥ ರಾಜ್ಯದಲ್ಲಿ ಈ ಹಣದ ನಾಲ್ಕರಲ್ಲಿ ಮೂರು ಪಾಲು ಕೇಂದ್ರದ್ದು, ಒಂದು ಪಾಲು ರಾಜ್ಯದ್ದು. ಒಂದು ಪಂಚಾಯಿತಿಯ ಕೈಗೆ ಮೀರಿದ ದೊಡ್ಡ ಕೆಲಸವಾದರೆ ಜಿಲ್ಲೆಯ ಯೋಜನೆಯಲ್ಲಿ ಸೇರಿಸಿ ಈ ಗಂಟಿನ ಕಡೆ ನೋಡಬೇಕು.

ಐದನೆಯದು ನಮ್ಮದೇ ವಂತಿಗೆ ಮತ್ತು ಶ್ರಮದಾನ. ಇದು ಹೊಸದೇನಲ್ಲ. ಹಿಂದಿನ ಕಾಲದ ಶಾಸನಗಳಲ್ಲಿ "ಬಿತ್ತುವಟ್ಟ", "ಕೆರೆಗೊಡಗೆ" ಎಂಬ ಮಾತು ಬರುತ್ತವೆ ಎಂದು ಗುರುಗಳು ಹೇಳಿದರು. ಕೆರೆ ನೋಡಿಕೊಳ್ಳುವ ಖರ್ಚಿಗಾಗಿ ಬಿಟ್ಟುಕೊಟ್ಟ ಹೊಲಗಳು ಅವು. ಆ ಹೊಲದ ಬೆಳೆಯಿಂದ ಕೆರೆಯ ಏರಿ ರಿಪೇರಿ ಆಗುತ್ತಿತ್ತು. ಏರಿ ಒಡೆದರೆ ಊರೇ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೆರೆ ಕಟ್ಟಿದ ದಿನವೇ ಅದನ್ನು ನೋಡಿಕೊಳ್ಳುವ ರೊಕ್ಕಕ್ಕೂ ದಾರಿ ಮಾಡಿದ್ದರು. ನಾವು 2022ರಲ್ಲಿ ಅದನ್ನೇ ಮರೆತೆವು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಈ ಗಂಟಿಗೂ ಸರಿ.

ಮೂರನೇ ಕಾರಣ

ಈಗ ಆ ಮೂರನೇ ಕಾರಣ ಹೇಳುತ್ತೇನೆ. ಬರೆಯಲು ಸ್ವಲ್ಪ ಕಷ್ಟ.

2025ರ ಫೆಬ್ರುವರಿಯಲ್ಲಿ ಸರ್ವೇದವರು ಬಂದು ಹಳ್ಳ ಅಳೆದರು. ಹಳೇ ನಕಾಶೆಯಲ್ಲಿ ಹಳ್ಳದ ಅಗಲ 40 ಅಡಿ. ಈಗ ಕೆಲವು ಕಡೆ ಉಳಿದದ್ದು 24 ಅಡಿ. ಉಳಿದದ್ದು ಎಲ್ಲಿ ಹೋಯಿತು? ಎರಡೂ ದಂಡೆಯ ಹೊಲದವರು ವರ್ಷಕ್ಕೆ ಒಂದು ಗೇಣು, ಎರಡು ಗೇಣು ಬದು ಒಳಗೆ ಸರಿಸುತ್ತಾ ಬಂದಿದ್ದಾರೆ. ಅಂಥ ಹೊಲ ಐದು. ಅದರಲ್ಲಿ ಒಂದು ನಮ್ಮದು.

ಇಂಜಿನಿಯರರು ಎಲ್ಲರ ಮುಂದೆ ಹೇಳಿದರು: "ಹಳ್ಳ ನಕಾಶೆ ಪ್ರಕಾರ ಅಗಲ ಆಗದಿದ್ರ ಪೂಲು ಕಟ್ಟಿದ್ರೂ ನೀರು ಹಿಂದಕ್ಕೇ ಬರ್ತದ. ರೊಕ್ಕ ದಂಡ." ಅಂದರೆ ಎಲ್ಲಕ್ಕಿಂತ ಮೊದಲಿನ ಕೆಲಸಕ್ಕೆ ಸರಕಾರದ ರೊಕ್ಕ ಬೇಕಾಗಿರಲಿಲ್ಲ. ಆದರೆ ಅದೇ ಎಲ್ಲಕ್ಕಿಂತ ಕಠಿಣ.

ನಮ್ಮ ಪಾಲಿಗೆ 8 ಅಡಿ ಅಗಲ, 400 ಅಡಿ ಉದ್ದ. ಗುಣಿಸಿದರೆ 3200 ಚದರ ಅಡಿ. ಒಂದು ಗುಂಟೆಗೆ 1089 ಚದರ ಅಡಿ. ಹತ್ತಿರ ಹತ್ತಿರ 3 ಗುಂಟೆ. ಈ ಲೆಕ್ಕ ಮಾಡಿ ಅಪ್ಪನಿಗೆ ತೋರಿಸಿದವ ನಾನೇ. ಅಪ್ಪ ಹಾಳೆ ನೋಡಿ, "ನಮ್ಮಪ್ಪನ ಕಾಲದಿಂದ ಬಿತ್ತೀವಿ. ನೀ ಯಾರ ಕಡೀಯವ?" ಎಂದ. ಆ ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ನನಗೆ ಊಟ ಸೇರಲಿಲ್ಲ.

ಮರುದಿನ ಗುರುಗಳಿಗೆ ಹೇಳಿದೆ. ಅವರು ಹಾಲೆಂಡ್ ದೇಶದ ವಿಷಯ ಹೇಳಿದರು. ಆ ದೇಶದ ಬಹಳಷ್ಟು ನೆಲ ಸಮುದ್ರಕ್ಕಿಂತ ತಗ್ಗು. ಅಲ್ಲಿ ನೀರು ನೋಡಿಕೊಳ್ಳುವುದಕ್ಕೇ 21 ನೀರಿನ ಮಂಡಳಿಗಳು ಇವೆ. ಜನರೇ ಮತ ಹಾಕಿ ಸದಸ್ಯರನ್ನು ಆರಿಸುತ್ತಾರೆ, ಜನರೇ ಅದಕ್ಕೆ ಬೇರೆ ತೆರಿಗೆ ಕಟ್ಟುತ್ತಾರೆ. 1995ರಲ್ಲಿ ಅಲ್ಲಿ ನದಿ ಉಕ್ಕಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಡಬೇಕಾಯಿತು. ಆಮೇಲೆ ಅವರು ಒಡ್ಡು ಎತ್ತರ ಮಾಡುವುದಷ್ಟೇ ಸಾಲದು, ನದಿಗೆ ಜಾಗ ಬಿಟ್ಟುಕೊಡಬೇಕು ಎಂದು 30ಕ್ಕೂ ಹೆಚ್ಚು ಕಡೆ ನದಿಯ ಪಾತ್ರ ಅಗಲ ಮಾಡಿದರು. ಒಂದು ಕಡೆ ರೈತರು ತಾವೇ ಮುಂದೆ ಬಂದು, ಎತ್ತರದ ದಿಬ್ಬಗಳ ಮೇಲೆ ಮನೆ ಮತ್ತು ಕೊಟ್ಟಿಗೆ ಕಟ್ಟಿಕೊಂಡು ನೀರಿಗೆ ಹೊಲ ಬಿಟ್ಟರಂತೆ. ಅಷ್ಟು ರೊಕ್ಕ ಇರುವ ದೇಶವೂ ಕೊನೆಗೆ ನದಿಗೆ ಜಾಗ ಬಿಟ್ಟಿತು.

ಇದನ್ನು ನಾನು ಮನೆಯಲ್ಲಿ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ, "ಹಾಲೆಂಡ್ ಗೀಲೆಂಡ್ ನನಗ ಗೊತ್ತಿಲ್ಲ. ಹತ್ತೊಂಬತ್ತರಾಗ ನನ್ನ ಹೊರಸಿನ ಮ್ಯಾಲ ಕುಂದರಿಸಿ ನಾಕು ಮಂದಿ ಹೊತ್ಕೊಂಡು ಹ್ವಾದ್ರು. ಇನ್ನೊಮ್ಮಿ ಹೊರೂದು ಬ್ಯಾಡ" ಅಂದಳು.

ಅಪ್ಪ 2025ರ ಬೇಸಿಗೆಯಲ್ಲಿ, ಯುಗಾದಿ ಆದ ಮೇಲೆ, ಬದು ಹಿಂದಕ್ಕೆ ಸರಿಸಿದ. ಟ್ರ್ಯಾಕ್ಟರ್ ಬಾಡಿಗೆ ಅವನೇ ಕೊಟ್ಟ. ಮೂರು ಗುಂಟೆ ಹೋಯಿತೆಂದು ಇವತ್ತಿಗೂ ಅವನಿಗೆ ಸಂಕಟ ಐತಿ, ನನಗೆ ಗೊತ್ತು. ಅವನನ್ನು ನೋಡಿ ಇನ್ನಿಬ್ಬರು ಸರಿಸಿದರು. ಇಬ್ಬರು ಇನ್ನೂ ಸರಿಸಿಲ್ಲ. ಅವರು ಯಾರೆಂದು ಬರೆಯುವುದಿಲ್ಲ. ಅವರ ಮಕ್ಕಳೂ ಇದನ್ನು ಓದುತ್ತಾರೆ, ಅವರೂ ನನ್ನ ಗೆಳೆಯರೇ. ನಮ್ಮ ಹೊಲವೂ ಅದೇ ಪಟ್ಟಿಯಲ್ಲಿ ಇತ್ತಲ್ಲ.

ಈಗ ಎಲ್ಲಿಗೆ ಬಂದಿದೆ?

ಹಳ್ಳ ಅಗಲ ಮಾಡುವುದು ಅರ್ಧಕ್ಕಿಂತ ಹೆಚ್ಚು ಆಗಿದೆ. ಪೂಲಿನ ಕೆಲಸ ಪಂಚಾಯಿತಿಯ ಯೋಜನೆಯಲ್ಲಿ ಬರೆದಾಗಿದೆ, ಅಂದಾಜು ಪಟ್ಟಿಯೂ ಇದೆ, ರೊಕ್ಕ ಇನ್ನೂ ಪೂರ್ತಿ ಕೂಡಿಲ್ಲ. ಹನುಮಪ್ಪನ ಗುಡಿಯ ದಾರಿಗೆ ಊರವರೇ ಮಣ್ಣು ಹಾಕಿ ಎತ್ತರ ಮಾಡಿದ್ದಾರೆ. ಇನ್ನು ಮೇಲೆ ವರ್ಷ ವರ್ಷ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಒಂದು ದಿನ ಮನೆಗೊಬ್ಬರು ಬಂದು ಜಾಲಿ ಕಡಿಯಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಆಗಿದೆ. ಬರಲು ಆಗದವರು ಒಂದು ದಿನದ ಕೂಲಿ ಕೊಡಬೇಕು. ಇದೇ ನಮ್ಮ ಊರಿನ ಬಿತ್ತುವಟ್ಟ ಎಂದು ಗುರುಗಳು ನಕ್ಕರು.

ಗೆಳೆಯರೇ, ನಾವು ಮಕ್ಕಳು ಮಾಡಬಹುದಾದ ಕೆಲಸಗಳು ಇವು:

1. ನಿಮ್ಮ ಮನೆಯ ಗೋಡೆಯ ಮೇಲೆ 2019ರ ನೀರಿನ ಗುರುತು ಇದ್ದರೆ ಅಳೆದು ನನಗೆ ಕೊಡಿರಿ. ಇನ್ನೂ 14 ಮನೆಗಳದು ಬರಬೇಕು.
2. ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿದ್ದು ಕಂಡರೆ ಪಂಚಾಯಿತಿಗೆ ಹೇಳಿರಿ. ನೀರು ಇದ್ದಾಗ ನೀವೇ ಇಳಿಯಬೇಡಿರಿ.
3. ಜಿಲ್ಲೆಯ ನಿಯಂತ್ರಣ ಕೊಠಡಿಯ ಫೋನ್ ನಂಬರ್ 1077. ಮನೆಯ ಬಾಗಿಲ ಹಿಂದೆ ಬರೆದಿಡಿರಿ.
4. ಮಕ್ಕಳ ಗ್ರಾಮಸಭೆಗೆ ಬರ್ರಿ. ಎದ್ದು ಕೇಳಿರಿ. ಕೈಕಾಲು ನಡುಗಿದರೂ ನಡೆಯುತ್ತದೆ.

ಈ ನೀಲಿ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆಯುವ ಪ್ರಸಂಗ ಬರಬಾರದು ಎಂಬುದೇ ನನ್ನ ಆಸೆ.

ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ಮತ್ತು ಹಿರಿಯರು ತಿದ್ದಬೇಕು.

ಇಂತಿ ನಿಮ್ಮ ಗೆಳೆಯ,
ಏಳನೇ ಇಯತ್ತೆ